ಸ್ಕಿಪ್ ಒತ್ತುವ ಮುನ್ನ

ಹಳೆಯ ಲ್ಯಾಪ್‌ಟಾಪೊಂದಕ್ಕೆ ಹೊಸದಾಗಿ ಆಪರೇಟಿಂಗ್ ಸಿಸ್ಟಂ ಹಾಕಲು ಹೋಗಿ, ಅದು ನಡುವೆಯೇ ನಿಂತುಬಿಟ್ಟ ಸಂಗತಿಯಿಂದ ಆರಂಭಿಸುತ್ತೇನೆ. ನಿಮ್ಮ ಮನೆಯಲ್ಲೂ ಅಂಥದೇ ಯಂತ್ರವೊಂದು ಅಟ್ಟದ ಮೇಲೆ ಬಿದ್ದಿರಬಹುದು. ಅದನ್ನು ಎಬ್ಬಿಸುವ ದಾರಿಯೂ ಇದರಲ್ಲಿ ಸಿಕ್ಕೀತು. ಆದರೆ ನಾನು ಹೇಳಬೇಕೆಂದಿರುವುದು ಕಾಸರಗೋಡಿನ ಕನ್ನಡ ಶಾಲೆಗಳ ಕುರಿತು.

ಬದಿಯಡ್ಕದ ಕಡೆಯ ನಮ್ಮ ನೆರೆಮನೆಯ ಹುಡುಗಿ ಕನ್ನಡ ಮಾಧ್ಯಮದಲ್ಲಿ ಒಂಬತ್ತನೇ ತರಗತಿ ಓದುತ್ತಿದ್ದಾಳೆ. ಶಾಲೆಯ ಡಿಜಿಟಲ್ ಪತ್ರಿಕೆಗೆ ಸಹಪಾಠಿಗಳ ಕಥೆ, ಕವಿತೆಗಳನ್ನು ಟೈಪ್ ಮಾಡಿಕೊಡುವ ಹೊಣೆ ಅವಳದು. ಶಾಲೆಯಲ್ಲಿ ಗಣಕದ ಮುಂದೆ ಸಿಗುವುದು ವಾರಕ್ಕೆ ಕೆಲವೇ ಅವಧಿ. ಅದಕ್ಕೆಂದು ಮಂಗಳೂರಿನಲ್ಲಿರುವ ಸೋದರಮಾವ ತನ್ನ ಹಳೆಯ ಲ್ಯಾಪ್‌ಟಾಪನ್ನು ಕಳುಹಿಸಿಕೊಟ್ಟರು. ವಯಸ್ಸು ಹತ್ತು ದಾಟಿದೆ. ನಾಲ್ಕು ಜಿಬಿ ರ‍್ಯಾಮ್, ತಿರುಗುವ ಹಾರ್ಡ್ ಡಿಸ್ಕ್, ಚಾರ್ಜ್ ನಿಲ್ಲದ ಬ್ಯಾಟರಿ. ಒಳಗಿದ್ದದ್ದು ವಿಂಡೋಸ್ 7. ಅದಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2020ರ ಜನವರಿ 14ಕ್ಕೇ ಮುಗಿದಿದೆ. ಶಾಲೆಯ ಗಣಕಗಳಲ್ಲಿರುವುದು ಉಬುಂಟುವಿನ ತಳಹದಿಯ ಲಿನಕ್ಸ್. ಹಾಗಾಗಿ ಮನೆಯಲ್ಲೂ ಉಬುಂಟುವನ್ನೇ ಹಾಕೋಣವೆಂದು ನಿಶ್ಚಯವಾಯಿತು. 22.04 ಆವೃತ್ತಿಗೆ ನಾಲ್ಕು ಜಿಬಿ ರ‍್ಯಾಮ್ ಸಾಕು, ಓಡುವುದಿಲ್ಲ, ನಡೆಯುತ್ತದೆ.

ಪೆನ್‌ಡ್ರೈವ್ ಸಿಕ್ಕಿಸಿ ಯಂತ್ರವನ್ನು ಚಾಲೂ ಮಾಡಿದಾಗ ಭಾಷೆಗಳ ಉದ್ದನೆಯ ಪಟ್ಟಿ ಬರುತ್ತದೆ. ಹುಡುಗಿ ಕೆಳಗೆ ಸರಿಸುತ್ತ ಹೋಗಿ ‘ಕನ್ನಡ’ ಎಂಬುದನ್ನು ಕಂಡು ಅದನ್ನೇ ಆರಿಸಿದಳು. ನಾನು ಬೇಡವೆನ್ನಲಿಲ್ಲ. ಕಡತಗಳೆಲ್ಲ ಡಿಸ್ಕಿಗೆ ಇಳಿದವು, ಪಟ್ಟಿ ಮುಕ್ಕಾಲು ಪಾಲು ತುಂಬಿತು, ಆಮೇಲೆ ಮಿಸುಕಲಿಲ್ಲ. ಅರ್ಧ ಗಂಟೆ ಕಾದೆವು. ಒಂದು ಗಂಟೆಯಾಯಿತು. ಹೊರಗೆ ಆಟಿ ತಿಂಗಳ ಮಳೆ. ಹೇಳಿಕೇಳಿ ಕರೆಂಟು ಹೋಯಿತು. ಬ್ಯಾಟರಿ ಸತ್ತದ್ದರಿಂದ ಯಂತ್ರವೂ ಒಡನೆ ಆರಿತು. ಕರೆಂಟು ಬಂದ ಮೇಲೆ ಒತ್ತಿದರೆ ಕಪ್ಪು ಪರದೆಯಷ್ಟೇ. ಹಳೆಯ ವಿಂಡೋಸ್ ಅಳಿಸಿಹೋಗಿತ್ತು. ಹೊಸದನ್ನು ಎಬ್ಬಿಸಬೇಕಾದ ಬೂಟ್‌ಲೋಡರ್ ಇನ್ನೂ ಕೂತಿರಲಿಲ್ಲ.

ಇಂಥ ಸ್ಥಿತಿಯಲ್ಲಿ ಹೆಚ್ಚಿನವರು ಯಂತ್ರ ಹಾಳಾಯಿತೆಂದು ಕೈಬಿಡುತ್ತಾರೆ. ಹಾಗೆ ಕೈಬಿಡಬೇಕಾಗಿಲ್ಲ. ನಿಂತದ್ದು ನಿಜವಾಗಿಯೂ ನಿಂತಿದೆಯೇ, ಅಥವಾ ನಿಧಾನವಾಗಿ ಸಾಗುತ್ತಿದೆಯೇ ಎಂಬುದನ್ನು ಮೊದಲು ತಿಳಿಯಬೇಕು. ಡಿಸ್ಕಿನ ಪುಟ್ಟ ದೀಪ ಮಿನುಗುತ್ತಿದ್ದರೆ ಕೆಲಸ ನಡೆಯುತ್ತಿದೆ ಎಂದರ್ಥ. ಹಳೆಯ ಡಿಸ್ಕಿಗೆ ಅವಸರ ಮಾಡಿ ಫಲವಿಲ್ಲ. ಪ್ರಗತಿಯ ಪಟ್ಟಿಯ ಪಕ್ಕದಲ್ಲಿ ಸಣ್ಣದೊಂದು ಬಾಣದ ಗುರುತಿದೆ. ಅದನ್ನು ಒತ್ತಿದರೆ ಕಪ್ಪು ಚೌಕವೊಂದು ತೆರೆದು, ಒಳಗೆ ಏನಾಗುತ್ತಿದೆ ಎಂಬ ವರದಿ ಸಾಲುಸಾಲಾಗಿ ಕಾಣುತ್ತದೆ. ‘ಇನ್‌ಪುಟ್ ಔಟ್‌ಪುಟ್ ಎರರ್’ ಎಂಬ ಮಾತು ಮತ್ತೆ ಮತ್ತೆ ಬಂದರೆ ಸಂಶಯ ಡಿಸ್ಕಿನ ಮೇಲೆ ಅಥವಾ ಪೆನ್‌ಡ್ರೈವಿನ ಮೇಲೆ ಹೋಗಬೇಕು. ಪೆನ್‌ಡ್ರೈವನ್ನು ಪರೀಕ್ಷಿಸುವುದು ಸುಲಭ: ಇಳಿಸಿಕೊಂಡ ಐಎಸ್‌ಒ ಕಡತದ ಚೆಕ್‌ಸಮ್ ತೆಗೆದು, ಉಬುಂಟುವಿನವರು ಪ್ರಕಟಿಸಿದ್ದರೊಡನೆ ಹೋಲಿಸಿ ನೋಡುವುದು. ಒಂದಕ್ಷರ ವ್ಯತ್ಯಾಸವಿದ್ದರೂ ಕಡತ ಕೆಟ್ಟಿದೆ. ಮೊಬೈಲ್ ಡೇಟಾದಲ್ಲಿ ನಾಲ್ಕೈದು ಜಿಬಿ ಇಳಿಸಿಕೊಳ್ಳುವ ನಮ್ಮ ಕಡೆ ಇದು ಅಪರೂಪವೇನಲ್ಲ. ಡಿಸ್ಕಿನ ಆರೋಗ್ಯ ನೋಡಲು, ಅನುಸ್ಥಾಪನೆಗೆ ಇಳಿಯುವ ಮುನ್ನ ‘ಟ್ರೈ ಉಬುಂಟು’ ಎಂಬುದನ್ನು ಆರಿಸಿ, ‘ಡಿಸ್ಕ್ಸ್’ ಎಂಬ ತಂತ್ರಾಂಶದಲ್ಲಿ ಸ್ಮಾರ್ಟ್ ಮಾಹಿತಿಯನ್ನು ತೆರೆಯಬೇಕು. ಕೆಟ್ಟ ಸೆಕ್ಟರುಗಳ ಸಂಖ್ಯೆ ಏರುತ್ತಿದ್ದರೆ ಆ ಡಿಸ್ಕಿನ ಮೇಲೆ ಎಷ್ಟು ಸಲ ಹಾಕಿದರೂ ವ್ಯರ್ಥ. ಇನ್ನು ಕೆಲವು ಯಂತ್ರಗಳು ಆರಂಭದಲ್ಲೇ ಕಪ್ಪಾಗಿ ನಿಲ್ಲುತ್ತವೆ. ಅವುಗಳಿಗೆ ‘ಸೇಫ್ ಗ್ರಾಫಿಕ್ಸ್’ ಎಂಬ ಆಯ್ಕೆ ಇದೆ.

ನಮ್ಮ ಯಂತ್ರದ ಡಿಸ್ಕ್ ಮುದಿಯಾದರೂ ಗಟ್ಟಿಯಾಗಿತ್ತು. ಚೆಕ್‌ಸಮ್ ಸರಿಯಿತ್ತು. ಎರಡನೆಯ ಸಲ ಮೊದಲಿನಿಂದ ಆರಂಭಿಸಿ, ಅದೇ ಜಾಗದಲ್ಲಿ ನಿಂತಾಗ ಕಪ್ಪು ಚೌಕವನ್ನು ತೆರೆದು ನೋಡಿದೆ. ಯಂತ್ರ ಕನ್ನಡಕ್ಕಾಗಿ ಕಾಯುತ್ತಿತ್ತು.

ವಿಷಯ ಇಷ್ಟು. ಅನುಸ್ಥಾಪನೆಯ ಕಡತದಲ್ಲಿ ಭಾಷೆಗಳ ಪಟ್ಟಿ ದೊಡ್ಡದಿದ್ದರೂ, ಪೂರ್ತಿ ಭಾಷಾ ಪ್ಯಾಕುಗಳನ್ನು ಒಳಗೇ ತುಂಬಿ ಕಳಿಸುವುದು ಕೆಲವೇ ಭಾಷೆಗಳಿಗೆ. ಉಳಿದವರು ತಮ್ಮ ಭಾಷೆಯನ್ನು ಆರಿಸಿದರೆ, ಕೊನೆಯ ಹಂತದಲ್ಲಿ ಅಂತರಜಾಲದ ಮೂಲಕ ದೂರದ ಸರ್ವರಿನಿಂದ ಆ ಪ್ಯಾಕನ್ನು ತರಿಸಿಕೊಳ್ಳಲಾಗುತ್ತದೆ. ಗುಡ್ಡದ ಮರೆಯ ನಮ್ಮ ಮನೆಗಳಲ್ಲಿ, ಮಳೆಗಾಲದಲ್ಲಿ, ಒಂದು ಗೀಟಿನ ಸಿಗ್ನಲಿನಲ್ಲಿ ಅದು ಬರುವುದಿಲ್ಲ. ಬಂದಷ್ಟು ಬಂದು ಕಡಿದುಹೋಗುತ್ತದೆ, ಮತ್ತೆ ಪ್ರಯತ್ನಿಸುತ್ತದೆ. ಹೊರಗಿನಿಂದ ನೋಡುವವರಿಗೆ ಯಂತ್ರ ಸತ್ತಂತೆ ತೋರುತ್ತದೆ. ಇಂಗ್ಲಿಷನ್ನು ಆರಿಸಿದವನಿಗೆ ಈ ಕಷ್ಟವೇ ಇಲ್ಲ.

ಪಟ್ಟಿಯ ಪಕ್ಕದಲ್ಲಿ ‘ಸ್ಕಿಪ್’ ಎಂಬ ಗುಂಡಿ ಇರುತ್ತದೆ. ಅಷ್ಟರಲ್ಲಿ ಹುಡುಗಿಯ ತಂದೆ ಫೋನಿನಲ್ಲಿ ಪರಿಚಯದ ಗಣಕ ರಿಪೇರಿಯವರನ್ನು ಹಿಡಿದಿದ್ದರು. ಅವರೂ ಅದನ್ನೇ ಹೇಳಿದರು: ಸ್ಕಿಪ್ ಒತ್ತಿ, ಕನ್ನಡ ಆಮೇಲೆ ಹಾಕಿಕೊಳ್ಳಬಹುದು. ಸಲಹೆ ತಪ್ಪಲ್ಲ. ಕರೆಂಟು ಯಾವ ಗಳಿಗೆಯಲ್ಲಿ ಹೋಗುತ್ತದೋ ತಿಳಿಯದಿರುವಾಗ ಕೆಲಸ ಮುಗಿಸಿಕೊಳ್ಳುವುದೇ ಜಾಣತನ. ಒತ್ತುವಾಗ ಹುಡುಗಿ ಕೇಳಿದಳು, “ಮಾಮ, ಕನ್ನಡ ಮತ್ತೆ ಬರ್ತದಾ?”

ನಮ್ಮ ಕಡೆಯ ಮಾತಿನಲ್ಲಿ ‘ಮತ್ತೆ’ ಎಂದರೆ ‘ಆಮೇಲೆ’ ಎಂದೂ ಆಗುತ್ತದೆ. ಬಯಲುಸೀಮೆಯ ಓದುಗರಿಗಾಗಿ ಹೇಳಿದೆ. ಬರುತ್ತದೆ ಎಂದೆ. ಆದರೆ ಆ ಉತ್ತರ ಕೊಟ್ಟ ಮೇಲೆ ನನಗೆ ಸಮಾಧಾನವಾಗಲಿಲ್ಲ. ಏಕೆಂದರೆ ಈ ಜಿಲ್ಲೆಯಲ್ಲಿ ಕನ್ನಡದ ವಿಷಯದಲ್ಲಿ ‘ಮತ್ತೆ’ ಎಂಬ ಮಾತನ್ನು ನಾನು ಬಹಳ ಸಲ ಕೇಳಿದ್ದೇನೆ, ನೀವೂ ಕೇಳಿದ್ದೀರಿ.

1956ರ ನವೆಂಬರ್ 1ರಂದು, ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದ ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿತು. ಸಂವಿಧಾನದ ಏಳನೇ ತಿದ್ದುಪಡಿ ಜಾರಿಗೆ ಬಂದದ್ದೂ ಅದೇ ದಿನ. ಆ ತಿದ್ದುಪಡಿಯಲ್ಲೇ 350ಎ ಎಂಬ ವಿಧಿ ಹುಟ್ಟಿತು: ಭಾಷಾ ಅಲ್ಪಸಂಖ್ಯಾತ ಗುಂಪುಗಳ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಮೂಲಕ ಕಲಿಯಲು ಸಾಕಷ್ಟು ಸೌಕರ್ಯ ಒದಗಿಸಲು ಪ್ರತಿ ರಾಜ್ಯವೂ, ಪ್ರತಿ ಸ್ಥಳೀಯ ಆಡಳಿತವೂ ಯತ್ನಿಸಬೇಕು ಎಂದು. ಗಡಿ ಎಳೆದವರಿಗೆ ಗಡಿಯಾಚೆ ಉಳಿಯುವವರ ನೆನಪಿತ್ತು ಎಂಬುದಕ್ಕೆ ಇದು ಸಾಕ್ಷಿ. ಆದರೆ ‘ಯತ್ನಿಸಬೇಕು’ ಎಂಬ ಕ್ರಿಯಾಪದದ ಬಲ ಎಷ್ಟು ಎಂಬುದು ಶಾಲೆಗೆ ಮಗುವನ್ನು ಕಳಿಸುವ ಹೆತ್ತವರಿಗೆ ಗೊತ್ತು. ಭಾಷೆ ಪಟ್ಟಿಯಲ್ಲಿದೆ; ಪ್ಯಾಕು ಮಾತ್ರ ಬೇರೆ ಕಡೆಯಿಂದ ಬರಬೇಕು.

ನ್ಯಾಯವಾಗಿ ಹೇಳಬೇಕಾದ ಮಾತನ್ನು ಮೊದಲು ಹೇಳಿಬಿಡುತ್ತೇನೆ. ಕೇರಳದ ಶಾಲೆಗಳು ಗಣಕದ ವಿಷಯದಲ್ಲಿ ದೇಶಕ್ಕೆ ಮಾದರಿ. 2001ರಲ್ಲಿ ‘ಐಟಿ ಅಟ್ ಸ್ಕೂಲ್’ ಎಂದು ಆರಂಭವಾಗಿ 2017ರಲ್ಲಿ ‘ಕೈಟ್’ ಎಂಬ ಹೆಸರು ಪಡೆದ ಸಂಸ್ಥೆ, ಶಾಲೆಗಳಿಗೆ ದುಬಾರಿ ತಂತ್ರಾಂಶದ ಹಂಗಿಲ್ಲದೆ ಸ್ವತಂತ್ರ ತಂತ್ರಾಂಶವನ್ನೇ ತಂದಿತು. ಹತ್ತನೆಯ ತರಗತಿಯ ಸಾರ್ವಜನಿಕ ಪರೀಕ್ಷೆಯಲ್ಲಿ ಐಟಿ ಒಂದು ವಿಷಯ. ಮಗು ಗಣಕದ ಮುಂದೆ ಕುಳಿತೇ ಉತ್ತರಿಸಬೇಕು. ಕನ್ನಡ ಮಾಧ್ಯಮದ ಪಠ್ಯಪುಸ್ತಕಗಳು ಮುದ್ರಣವಾಗುತ್ತವೆ. 2020ರ ಜೂನಿನಲ್ಲಿ ಶಾಲೆಗಳು ಮುಚ್ಚಿ ‘ಫಸ್ಟ್ ಬೆಲ್’ ಪಾಠಗಳು ಶುರುವಾದಾಗ, ಕನ್ನಡ ಮತ್ತು ತಮಿಳು ಮಾಧ್ಯಮದವರಿಗೂ ಪಾಠಗಳು ಸಿದ್ಧವಾದವು. ಇವನ್ನೆಲ್ಲ ಮರೆತು ದೂರುವುದು ನನಗೆ ಸರಿ ಕಾಣುವುದಿಲ್ಲ. ಮಲಯಾಳ ಕಲಿಯುವುದರ ಬಗೆಗೂ ನನ್ನ ತಕರಾರಿಲ್ಲ. ಒಂದರಿಂದ ಹತ್ತರವರೆಗೆ ಮಲಯಾಳವನ್ನು ಕಡ್ಡಾಯಗೊಳಿಸಿದ 2017ರ ಕಾನೂನಿನ ವಿರುದ್ಧ ಇಲ್ಲಿ ಎದ್ದ ಕೂಗು ಕಡ್ಡಾಯದ ಕುರಿತಾಗಿತ್ತೇ ಹೊರತು ಭಾಷೆಯ ಕುರಿತಲ್ಲ. ಪೇಟೆಯಲ್ಲಿ ಮಲಯಾಳ, ಮನೆಯಲ್ಲಿ ತುಳುವೋ ಹವ್ಯಕವೋ ಕೊಂಕಣಿಯೋ ಬ್ಯಾರಿಯೋ ಮರಾಠಿಯೋ, ಶಾಲೆಯಲ್ಲಿ ಕನ್ನಡ: ಸಪ್ತಭಾಷೆಗಳ ಈ ನೆಲದ ಮಗುವಿಗೆ ಇನ್ನೊಂದು ಭಾಷೆ ಹೊರೆಯಲ್ಲ.

ಹೊರೆ ಬೇರೆಡೆ ಇದೆ. ಕನ್ನಡ ಶಾಲೆಗೆ ಬೇಕಾದದ್ದು ಯಾವುದೂ ಮೊದಲ ದಿನವೇ ಕೈಯಲ್ಲಿರುವುದಿಲ್ಲ ಎಂಬುದು ಇಲ್ಲಿ ಒಂದು ಅಭ್ಯಾಸವೇ ಆಗಿಬಿಟ್ಟಿದೆ. ಕನ್ನಡ ಮಾಧ್ಯಮದ ಹುದ್ದೆಗೆ ಕನ್ನಡ ಬಾರದ ಅಧ್ಯಾಪಕರು ನೇಮಕವಾಗಿ ಬಂದಾಗ ಮಕ್ಕಳೂ ಹೆತ್ತವರೂ ಶಾಲೆಯ ಗೇಟಿನ ಮುಂದೆ ಕೂತ ಸುದ್ದಿಗಳನ್ನು ನಾವು ಒಂದಲ್ಲ, ಹಲವು ವರ್ಷ ಓದಿದ್ದೇವೆ. ಅಂಥ ಪ್ರತಿ ಸಂದರ್ಭದಲ್ಲೂ ಸಮಾಧಾನದ ಮಾತು ಒಂದೇ: ಸದ್ಯಕ್ಕೆ ನಡೆಯಲಿ, ಆಮೇಲೆ ಸರಿಪಡಿಸೋಣ. ಆಮೇಲೆ ಎಂಬುದು ಬರುವಷ್ಟರಲ್ಲಿ ಆ ತರಗತಿಯ ಮಗು ಮುಂದಿನ ತರಗತಿಗೆ ಹೋಗಿರುತ್ತದೆ. ಗಣಿತದ ಒಂದು ಅಧ್ಯಾಯ ಅರ್ಥವಾಗದೆ ಉಳಿದುದನ್ನು ಯಾವ ಸರ್ವರಿನಿಂದಲೂ ತರಿಸಿಕೊಳ್ಳಲಾಗದು.

ಲ್ಯಾಪ್‌ಟಾಪಿಗೂ ಶಾಲೆಗೂ ಇರುವ ವ್ಯತ್ಯಾಸವನ್ನು ಇಲ್ಲಿ ಗಮನಿಸಿ. ಸ್ಕಿಪ್ ಒತ್ತಿದ ಮೇಲೆ ಉಬುಂಟು ಅದನ್ನು ಮರೆಯುವುದಿಲ್ಲ. ‘ಲ್ಯಾಂಗ್ವೇಜ್ ಸಪೋರ್ಟ್’ ಎಂಬುದನ್ನು ತೆರೆದೊಡನೆ, ಭಾಷಾ ಬೆಂಬಲ ಪೂರ್ತಿಯಾಗಿ ಸ್ಥಾಪನೆಯಾಗಿಲ್ಲ ಎಂದು ತಾನಾಗಿಯೇ ಹೇಳುತ್ತದೆ. ಈಗ ಹಾಕಲೇ, ಆಮೇಲೆ ನೆನಪಿಸಲೇ ಎಂದು ಕೇಳುತ್ತದೆ. ಎಷ್ಟು ಸಲ ‘ಆಮೇಲೆ’ ಎಂದರೂ ಮತ್ತೆ ಕೇಳುತ್ತದೆ. ನಮ್ಮ ಕಚೇರಿಗಳ ಕಡತಗಳಲ್ಲಿ ಅಂಥ ನೆನಪಿನ ಗುಂಡಿ ಇಲ್ಲ. ಬಿಟ್ಟುಹೋದದ್ದನ್ನು ಬಿಟ್ಟುಹೋಗಿದೆ ಎಂದು ದಾಖಲಿಸುವವರೇ ಇಲ್ಲದಿದ್ದರೆ, ಕೆಲವು ವರ್ಷಗಳಲ್ಲಿ ಅದು ಇಲ್ಲದಿರುವುದೇ ಸಹಜವೆಂದಾಗುತ್ತದೆ.

ಗಣಕಕ್ಕೆ ಇಂಗ್ಲಿಷ್ ಸಾಲದೇ ಎಂದು ಕೆಲವರು ಕೇಳುವುದುಂಟು. ನಾಳೆ ಈ ಹುಡುಗಿ ಬೆಂಗಳೂರಿಗೋ ದುಬಾಯಿಗೋ ಹೋಗುತ್ತಾಳೆ. ಅಲ್ಲಿ ಯಾವ ಯಂತ್ರವೂ ಕನ್ನಡದಲ್ಲಿರುವುದಿಲ್ಲ ಎನ್ನುತ್ತಾರೆ. ಮಾತು ನಿಜ. ಅವಳು ಇಂಗ್ಲಿಷ್ ಮೆನುಗಳನ್ನೂ ಕಲಿಯುತ್ತಾಳೆ, ಬೇಗನೆಯೇ ಕಲಿಯುತ್ತಾಳೆ. ಆದರೆ ಇಂದು ಅವಳ ಪಠ್ಯಪುಸ್ತಕ ಕನ್ನಡದಲ್ಲಿದೆ, ಪರದೆ ಇಂಗ್ಲಿಷಿನಲ್ಲಿದೆ, ಬಿಡಿಸಿ ಹೇಳುವವರ ಮಾತು ಎಷ್ಟೋ ಸಲ ಮಲಯಾಳದಲ್ಲಿರುತ್ತದೆ. ಒಂದು ವಿಷಯ ತಿಳಿಯಲು ಅವಳು ಮೂರು ಭಾಷೆಗಳ ನಡುವೆ ಓಡಾಡಬೇಕು. ಅದೇ ವಿಷಯವನ್ನು ತಿರುವನಂತಪುರದ ಮಲಯಾಳ ಮಾಧ್ಯಮದ ಮಗು ಎರಡರಲ್ಲಿ ಮುಗಿಸುತ್ತದೆ. ಪರೀಕ್ಷೆಯಲ್ಲಿ ಇಬ್ಬರಿಗೂ ಕೊಡುವ ಸಮಯ ಒಂದೇ.

ಕನ್ನಡವನ್ನು ಹೊರುವುದು ಕಷ್ಟವೆಂಬ ವಾದವನ್ನಂತೂ ನಾನು ಒಪ್ಪಲಾರೆ. ಮಳೆ ಬಿಟ್ಟ ಒಂದು ಸಂಜೆ ಲ್ಯಾಪ್‌ಟಾಪನ್ನು ಪೇಟೆಗೆ ಒಯ್ದು, ಒಳ್ಳೆಯ ಸಂಪರ್ಕವಿದ್ದಲ್ಲಿ ಕೂತು ಕನ್ನಡದ ಪ್ಯಾಕುಗಳನ್ನು ಇಳಿಸಿಕೊಂಡೆವು. ಎಲ್ಲ ಸೇರಿ ಕೆಲವೇ ಎಂಬಿ. ನಾಲ್ಕೈದು ಜಿಬಿಯ ಐಎಸ್‌ಒ ಕಡತದ ಎದುರು ಅದು ಯಾವ ಲೆಕ್ಕ! ಯಂತ್ರವನ್ನು ಗಂಟೆಗಟ್ಟಲೆ ನಿಲ್ಲಿಸಿದ್ದು ಕನ್ನಡದ ಭಾರವಲ್ಲ, ಅದನ್ನಿಟ್ಟ ದೂರ. ಇಳಿಸಿಕೊಳ್ಳುವಾಗ ‘ಆಪ್ಟ್-ಗೆಟ್’ ಎಂಬ ಆದೇಶವನ್ನು ಬಳಸಿದರೆ ಆ ಪ್ಯಾಕುಗಳ ಪ್ರತಿ ಯಂತ್ರದ ಕ್ಯಾಶ್ ಫೋಲ್ಡರಿನಲ್ಲಿ ಉಳಿಯುತ್ತದೆ. ಬರಿಯ ‘ಆಪ್ಟ್’ ಆದರೆ ಕೆಲಸ ಮುಗಿದೊಡನೆ ಅಳಿಸಿಬಿಡುತ್ತದೆ. ಇದನ್ನು ನಾನು ಒಂದು ಸಂಜೆ ಕಳೆದುಕೊಂಡು ಕಲಿತೆ. ಉಳಿದ ಪ್ರತಿಯನ್ನು ಪೆನ್‌ಡ್ರೈವಿಗೆ ಹಾಕಿಕೊಂಡರೆ, ಅದೇ ಆವೃತ್ತಿಯ ಇನ್ನೆಷ್ಟು ಯಂತ್ರಗಳಿಗಾದರೂ ಅಂತರಜಾಲವೇ ಇಲ್ಲದೆ ಕನ್ನಡವನ್ನು ಹಾಕಬಹುದು.

ಇನ್ನೊಂದು ಸಂಗತಿ ನನ್ನ ಕಣ್ಣು ತೆರೆಸಿತು. ಪ್ಯಾಕು ಬರದೇ ಇದ್ದ ಆ ದಿನಗಳಲ್ಲೂ ಹುಡುಗಿಯ ಟೈಪಿಂಗ್ ನಿಲ್ಲಲಿಲ್ಲ. ಕೀಲಿಮಣೆಯ ಪಟ್ಟಿಯಲ್ಲಿ ‘ಕಗಪ’ ವಿನ್ಯಾಸ ಮೊದಲೇ ಇತ್ತು. ಕನ್ನಡ ಗಣಕ ಪರಿಷತ್ತಿನ ಹೆಸರಿನಲ್ಲಿ ಪ್ರಚಲಿತವಾದ ಈ ವಿನ್ಯಾಸದ ಮೂಲ ಮಂಗಳೂರು ಬಳಿಯ ಕಿನ್ನಿಕಂಬಳದ ಕೆ.ಪಿ. ರಾಯರದು. ತಮ್ಮ ತಂತ್ರಾಂಶಕ್ಕೆ ಅವರು ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ಸ್ಮರಣೆಯಲ್ಲಿ ‘ಸೇಡಿಯಾಪು’ ಎಂದೇ ಹೆಸರಿಟ್ಟರು. ಗುಬ್ಬಿ, ನವಿಲು ಎಂಬ ಕನ್ನಡದ ಅಕ್ಷರರೂಪಗಳೂ ಉಬುಂಟುವಿನ ಭಂಡಾರದಲ್ಲಿವೆ. ಅಕ್ಷರವೂ ಕೀಲಿಮಣೆಯೂ ಹೀಗೆ ಮೊದಲೇ ಸಿದ್ಧವಾಗಿದ್ದುದು ಯಾವ ಸರಕಾರದ ಆದೇಶಕ್ಕೂ ಕಾಯದೆ ಕೆಲವರು ಕೂತು ಮಾಡಿದ್ದರಿಂದ. ನಮ್ಮ ಗಡಿಯಿಂದ ಕೂಗಳತೆಯ ಊರಿನವರ ಬುದ್ಧಿ ಜಗತ್ತಿನ ಎಲ್ಲ ಲಿನಕ್ಸ್ ಯಂತ್ರಗಳಲ್ಲೂ ಕೂತಿರುವಾಗ, ನಮ್ಮ ಶಾಲೆಯ ಯಂತ್ರದ ಪರದೆ ಕನ್ನಡದಲ್ಲಿ ತೆರೆಯುವುದಿಲ್ಲವೆಂದರೆ ನಾಚಿಕೆ ಯಾರಿಗೆ?

ನಮಗೂ ಹೌದು. ಕನ್ನಡದ ಪರದೆ ಬಂದ ಮೇಲೆ ಹುಡುಗಿ ಕೆಲವು ಪದಗಳನ್ನು ಕಂಡು ನಕ್ಕಳು. ಕೆಲವು ತೀರ ಬಿಗಿ, ಕೆಲವು ಅರ್ಥವೇ ಆಗದಂಥವು. ನಡುನಡುವೆ ಅನುವಾದವಾಗದೆ ಇಂಗ್ಲಿಷಿನಲ್ಲೇ ಉಳಿದ ಸಾಲುಗಳು. ಇದಕ್ಕೆ ತಿರುವನಂತಪುರವನ್ನು ದೂರುವಂತಿಲ್ಲ. ಸ್ವತಂತ್ರ ತಂತ್ರಾಂಶದ ಅನುವಾದ ಯಾರು ಬೇಕಾದರೂ ಮಾಡಬಹುದಾದ ಕೆಲಸ. ಹಳ್ಳಿಯಲ್ಲಿ ಕೂತೇ ಮಾಡಬಹುದು. ರಾಜ್ಯೋತ್ಸವದಂದು ಪ್ರೊಫೈಲ್ ಚಿತ್ರಕ್ಕೆ ಹಳದಿ ಕೆಂಪು ಬಣ್ಣ ಹಚ್ಚುವ ನಮ್ಮಲ್ಲಿ ಎಷ್ಟು ಮಂದಿಯ ಮೊಬೈಲು ಕನ್ನಡದಲ್ಲಿದೆ? ನನ್ನದು ಕಳೆದ ತಿಂಗಳವರೆಗೆ ಇರಲಿಲ್ಲ. ಈ ಬರಹವನ್ನು ಬರೆಯುವ ಮುನ್ನ ಬದಲಿಸಿದೆ. ಮೊದಲ ಎರಡು ದಿನ ಅಲಾರಂ ಇಡುವುದಕ್ಕೂ ತಡಕಾಡಿದೆ ಎಂಬುದನ್ನು ಮುಚ್ಚಿಡುವುದಿಲ್ಲ.

ಕೇಳಬೇಕಾದವರಲ್ಲಿ ಕೇಳಬೇಕಾದದ್ದು ಹೆಚ್ಚೇನಿಲ್ಲ. ಕನ್ನಡ ಮಾಧ್ಯಮದ ಶಾಲೆಗಳಿಗೆ ಹೋಗುವ ಪ್ರತಿ ಯಂತ್ರದಲ್ಲೂ ಕನ್ನಡದ ಪೂರ್ತಿ ಪ್ಯಾಕು ಮೊದಲೇ ಇದೆಯೇ ಎಂದು ಕಳಿಸುವ ಮುನ್ನ ಪರೀಕ್ಷಿಸಲಿ. ಪ್ರೌಢಶಾಲೆಗಳಲ್ಲಿ 2018ರಲ್ಲಿ ಆರಂಭವಾದ ‘ಲಿಟಲ್ ಕೈಟ್ಸ್’ ಕೂಟಗಳ ಕಲಿಕೆಯಲ್ಲಿ ಮಲಯಾಳಂ ಕಂಪ್ಯೂಟಿಂಗ್ ಎಂಬ ಒಳ್ಳೆಯ ಭಾಗವೊಂದಿದೆ. ಕನ್ನಡ ಶಾಲೆಯಲ್ಲಿ ಆ ಜಾಗದಲ್ಲಿ ಕನ್ನಡ ಇರಬೇಕೆಂದು ಪಿಟಿಎ ಸಭೆಯಲ್ಲಿ ಬರೆದು ಕೇಳೋಣ, ಬರೆದದ್ದರ ಪ್ರತಿಯನ್ನು ಇಟ್ಟುಕೊಳ್ಳೋಣ. ಜೂನ್ ತಿಂಗಳಲ್ಲಿ ಶಾಲೆ ತೆರೆಯುವ ದಿನ ಯಾವ ಹುದ್ದೆಗೆ ಕನ್ನಡ ಬಲ್ಲ ಅಧ್ಯಾಪಕರಿಲ್ಲ ಎಂಬುದನ್ನು ಪ್ರತಿ ಶಾಲೆಯ ಹೆತ್ತವರೂ ಒಂದು ಹಾಳೆಯಲ್ಲಿ ಬರೆದಿಟ್ಟರೆ ಅಷ್ಟೇ ಸಾಕು. ಜಿಲ್ಲೆಯ ಪಟ್ಟಿ ತಾನಾಗಿ ಸಿದ್ಧವಾಗುತ್ತದೆ. ಅದನ್ನು ಒಂದು ಸಲ ಕೊಟ್ಟು ಸುಮ್ಮನಾಗುವ ಬದಲು, ಆ ಲ್ಯಾಪ್‌ಟಾಪಿನಂತೆ, ಉತ್ತರ ಬರುವವರೆಗೂ ಮತ್ತೆ ಮತ್ತೆ ಕೇಳುತ್ತಲೇ ಇರಬೇಕು.

ಹುಡುಗಿಯ ಪತ್ರಿಕೆಯ ಪುಟಗಳು ಒಂದು ವಾರ ತಡವಾಗಿ ಶಾಲೆ ಸೇರಿದವು. ಒಂದು ಕವಿತೆಯಲ್ಲಿ ಒತ್ತಕ್ಷರವೊಂದು ಹಾರಿಹೋಗಿದೆಯಂತೆ. ಅದನ್ನು ತಿದ್ದಲು ನಾಳೆ ಬರುತ್ತಾಳೆ.

ಕನ್ನಡದ ಪ್ಯಾಕುಗಳಿರುವ ಪೆನ್‌ಡ್ರೈವ್ ಈಗ ನಮ್ಮ ಮನೆಯಲ್ಲಿದೆ. ಕುಂಬಳೆ, ನೀರ್ಚಾಲು, ಪೆರ್ಲ, ಮುಳ್ಳೇರಿಯ ಕಡೆಯವರು ಯಾರಿಗಾದರೂ ಬೇಕಿದ್ದರೆ ಇಲ್ಲೇ ಕೆಳಗೆ ತಿಳಿಸಿ, ಭಾನುವಾರ ಬನ್ನಿ. ಬರುವಾಗ ಎರಡು ಪೆನ್‌ಡ್ರೈವ್ ಇರಲಿ: ಐಎಸ್‌ಒ ಕಡತಕ್ಕೆ ಎಂಟು ಜಿಬಿಯದೊಂದು, ಕನ್ನಡಕ್ಕೆ ಎಷ್ಟು ಚಿಕ್ಕದಾದರೂ ನಡೆಯುತ್ತದೆ. ಲ್ಯಾಪ್‌ಟಾಪನ್ನೇ ತರುವವರು ಒಳಗಿನ ಫೋಟೊಗಳನ್ನು ಮೊದಲು ಬೇರೆಡೆ ಉಳಿಸಿಕೊಂಡು ತನ್ನಿ, ಚಾರ್ಜರ್ ಮರೆಯಬೇಡಿ.